ಗಲ್ಲಾದ ಪಕ್ಕ ಇಟ್ಟ ಮೊಬೈಲಿನಲ್ಲಿ ಸಭೆ

ಆನ್‌ಲೈನ್ ಸಭೆಗೆ ಹಾಜರಿ ಎಂದರೆ ನಮ್ಮ ಹೋಟೆಲಿಗರಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ: ಮೊಬೈಲ್ ಗಲ್ಲಾದ ಪಕ್ಕ, ಮೈಕ್ ಬಂದ್, ಕ್ಯಾಮರಾ ಬಂದ್. ನಡುವೆ ಬಿಲ್ಲು, ಚಿಲ್ಲರೆ, ಹಾಲಿನವ, ಗ್ಯಾಸಿನವ. ಕೊನೆಗೆ ಒಂದು ಕೈಮುಗಿದ ಚಿತ್ರ ಒತ್ತಿದರೆ ಮುಗಿಯಿತು. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಪೂರ್ತಿ ಕೂತು ಕೇಳಿದ್ದುಂಟು. ಆಗ ಬೇರೆ ಕೆಲಸವೂ ಇರಲಿಲ್ಲ ಬಿಡಿ.

ಅರ್ಧ ಕೇಳಿದರೆ ಏನಾಗುತ್ತದೆ? 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊ ಮೂಲಕ ನಮ್ಮಂಥ ಹೋಟೆಲುಗಳಿಂದ ಹೋಗುವ ತಿಂಡಿಯ ಶೇ. 5 ಜಿಎಸ್‌ಟಿಯನ್ನು ಆ ಕಂಪೆನಿಗಳೇ ಕಟ್ಟಬೇಕೆಂದಾಯಿತು. ಅರ್ಧ ಕೇಳಿದವರು "ಪಾರ್ಸೆಲಿನ ತೆರಿಗೆ ಇನ್ನು ನಮ್ಮದಲ್ಲ" ಎಂದುಕೊಂಡರು. ಹಾಗಲ್ಲ. ಕೌಂಟರಿನಲ್ಲಿ ನಾವೇ ಕಟ್ಟಿಕೊಡುವ ಪಾರ್ಸೆಲ್, ನಮ್ಮ ಹುಡುಗ ಸೈಕಲ್ಲಿನಲ್ಲಿ ಆಫೀಸಿಗೆ ಮುಟ್ಟಿಸುವ ತಿಂಡಿ, ಇವುಗಳ ತೆರಿಗೆ ಇಂದಿಗೂ ನಮ್ಮ ತಲೆಯ ಮೇಲೆಯೇ. ಆ್ಯಪಿನ ಮಾರಾಟವನ್ನೂ ರಿಟರ್ನಿನಲ್ಲಿ ಬೇರೆಯಾಗಿ ತೋರಿಸಬೇಕು. ಇದನ್ನು ಹೇಳಲು ಭಾಷಣಕಾರರಿಗೆ ಒಂದು ನಿಮಿಷ ಸಾಕು. ಆ ನಿಮಿಷ ನಾವು ಇಡ್ಲಿಯ ಬಿಲ್ಲು ಹರಿಯುತ್ತಿದ್ದರೆ, ಮುಂದೆ ನೋಟೀಸು ಬಂದಾಗ ಬಡ್ಡಿ, ದಂಡ ಎರಡನ್ನೂ ಎಣಿಸಬೇಕು.

ರೆಕಾರ್ಡಿಂಗ್ ಸಿಗುತ್ತದಲ್ಲ ಎನ್ನುವವರಿದ್ದಾರೆ. ಹೋಟೆಲಿನವನು ರಾತ್ರಿ ಶಟರ್ ಎಳೆದ ಮೇಲೆ ಎರಡು ಗಂಟೆಯ ರೆಕಾರ್ಡಿಂಗ್ ನೋಡಿದ್ದನ್ನು ನಾವಂತೂ ಕಂಡಿಲ್ಲ.

ಮಾಲೀಕರೇ ಕೂರಬೇಕೆಂದೂ ಇಲ್ಲ. ತೆರಿಗೆಯ ವಿಷಯವಾದರೆ ಲೆಕ್ಕ ಬರೆಯುವವರು ಜೊತೆಗಿರಲಿ. ಎಣ್ಣೆಯ ವಿಷಯವಾದರೆ ಭಟ್ಟರನ್ನು ಕೂರಿಸಿ. ಟೋಟಲ್ ಪೋಲಾರ್ ಕಾಂಪೌಂಡ್ ಶೇ. 25 ದಾಟಿದ ಎಣ್ಣೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಇದೆ. ಬಾಣಲೆಯ ಮುಂದೆ ನಿಲ್ಲುವವರಿಗೆ ಅದು ಗೊತ್ತಿಲ್ಲದಿದ್ದರೆ ನಾವು ಕೇಳಿ ಪ್ರಯೋಜನವೇನು?

ಇನ್ನು ಪ್ರಶ್ನೆ. ನಾವು ಓದಿದ್ದು ಹತ್ತನೆಯ ತನಕ. ಇಂಗ್ಲಿಷಿನಲ್ಲಿ, ಮುನ್ನೂರು ಜನರ ಎದುರು ಬಾಯಿ ತೆರೆಯಲು ಸಂಕೋಚವಾಗುವುದು ಸಹಜ. ಅದಕ್ಕಾಗಿ ನಾವು ಹಿಂದಿನ ದಿನವೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಮಗಳ ಕೈಯಲ್ಲಿ ಟೈಪು ಮಾಡಿಸಿ ಕಳುಹಿಸುತ್ತೇವೆ. ಹತ್ತು ಬೇಡ, ನಮ್ಮ ಅಂಗಡಿಯ ಒಂದೇ ಪ್ರಶ್ನೆ. ಸಿಕ್ಕ ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆದು ಆಡಿಟರಿಗೆ ತೋರಿಸುತ್ತೇವೆ.

ಸಂಘದವರಿಗೂ ಒಂದು ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಊಟದ ತಯಾರಿ ಬಿಟ್ಟು ಯಾರು ಬರುತ್ತಾರೆ? ಮಧ್ಯಾಹ್ನ ಮೂರೂವರೆಗೆ, ಊಟ ಮುಗಿದು ಚಹಾದ ಗಿರಾಕಿ ಬರುವ ಮೊದಲು ಇಡಿ. ಕೊನೆಯ ಇಪ್ಪತ್ತು ನಿಮಿಷ ಕನ್ನಡದಲ್ಲೇ ಪ್ರಶ್ನೋತ್ತರ ಇರಲಿ. ತುಳುವಿನಲ್ಲಿ ಕೇಳಿದರೂ ನಮ್ಮ ಅಭ್ಯಂತರವಿಲ್ಲ.