ಪ್ರಯೋಗದ ವರದಿಯೂ ಸಾಹಿತ್ಯವೇ

ನಮ್ಮ ಸಮ್ಮೇಳನಗಳಲ್ಲಿ ಕವಿಗೋಷ್ಠಿಯುಂಟು, ಕಥಾಗೋಷ್ಠಿಯುಂಟು. ವಿಜ್ಞಾನ ಬರವಣಿಗೆಗೆ ಅರ್ಧ ಗಂಟೆಯೂ ಇಲ್ಲ. ಆದರೆ ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡದ ಮಕ್ಕಳು ಇಂಜಿನಿಯರಿಂಗ್ ಕಾಲೇಜು ಸೇರಿದೊಡನೆ ಬರೆಯಬೇಕಾಗುವುದು ಪ್ರಯೋಗದ ವರದಿಯನ್ನು. ಅದನ್ನು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ನಕಲು ಮಾಡುವವರು ಬಹಳ. ಇದನ್ನು ಸೋಮಾರಿತನವೆಂದು ಮನ್ನಿಸಲಾಗದು; ಇದು ಸಹಿ ಹಾಕಿ ಒಪ್ಪಿಸುವ ಸುಳ್ಳು.

ಸಿಗ್ನಲ್ ಸಂಯೋಜನೆ ಮತ್ತು ರೋಹಿತ ವಿಶ್ಲೇಷಣೆಯ ಪ್ರಯೋಗವನ್ನೇ ನೋಡೋಣ. ಮರುಕಳಿಸುವ ತರಂಗವನ್ನು ಸರಳ ಸೈನ್ ತರಂಗಗಳ ಮೊತ್ತವಾಗಿ ಬರೆಯಬಹುದೆಂಬ ವಿಚಾರವನ್ನು ಫ್ರಾನ್ಸಿನ ಫೂರಿಯೇ 1822ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. 200 ಹರ್ಟ್ಸ್‌ನ ಚೌಕ ತರಂಗ ಬೇಕಾದರೆ 200, 600, 1000 ಹರ್ಟ್ಸ್ ಹೀಗೆ ಬೆಸ ಗುಣಕಗಳನ್ನು 1, 1/3, 1/5ರ ಪ್ರಮಾಣದಲ್ಲಿ ಕೂಡಿಸಬೇಕು. ಆಗ ತರಂಗವು ನೆಗೆಯುವ ಅಂಚಿನಲ್ಲಿ ಒಂದು ಕೊಂಬು ಮೂಡುತ್ತದೆ. ಎಷ್ಟೇ ತರಂಗಗಳನ್ನು ಸೇರಿಸಿದರೂ ಅದು ಕಿರಿದಾಗುವುದೇ ಹೊರತು, ನೆಗೆತದ ಸುಮಾರು ಶೇ. 9ರಷ್ಟು ಎತ್ತರ ಉಳಿದೇ ಇರುತ್ತದೆ. 1848ರಲ್ಲಿ ವಿಲ್‌ಬ್ರಹಾಮ್, 1899ರಲ್ಲಿ ಗಿಬ್ಸ್ ಇದನ್ನು ವಿವರಿಸಿದರು. ನಕಲುಗಾರ ವಿದ್ಯಾರ್ಥಿಯಾದರೋ ಅಳತೆಪಟ್ಟಿಯಿಟ್ಟು ಅಂದವಾದ ಚೌಕವನ್ನೇ ಎಳೆಯುತ್ತಾನೆ. ಪರದೆಯ ಮೇಲೆ ಕಣ್ಣಾರೆ ಕಂಡದ್ದು ಕಾಗದಕ್ಕೆ ಬರುವುದೇ ಇಲ್ಲ.

ವಿಶ್ಲೇಷಣೆಯಲ್ಲಿಯೂ ಹಾಗೆಯೇ. ಸೆಕೆಂಡಿಗೆ 1000 ಮಾದರಿಗಳನ್ನು ಮಾತ್ರ ತೆಗೆದರೆ 700 ಹರ್ಟ್ಸ್‌ನ ಸ್ವರವು ರೋಹಿತದಲ್ಲಿ 300 ಹರ್ಟ್ಸ್‌ನ ವೇಷ ತೊಟ್ಟು ಬರುತ್ತದೆ. ಮಾದರಿಯ ದರವನ್ನು ನಮೂದಿಸದ ವರದಿಯನ್ನು ಓದುವವನು ನಿಜವನ್ನೂ ವೇಷವನ್ನೂ ಬೇರ್ಪಡಿಸುವುದು ಹೇಗೆ?

"ವರದಿ ಇಂಗ್ಲಿಷಿನದು, ಅಲ್ಲಿ ಕನ್ನಡಕ್ಕೇನು ಕೆಲಸ?" ಎನ್ನುವವರಿದ್ದಾರೆ. ಕಂಡದ್ದನ್ನು ತಾಯ್ನುಡಿಯಲ್ಲಿ ನಾಲ್ಕು ಸಾಲು ಹೇಳಬಲ್ಲವನು ಅದನ್ನು ಇಂಗ್ಲಿಷಿಗೂ ತರಬಲ್ಲನು; ಹೇಳಲಾರದವನು ಪರರ ವಾಕ್ಯವನ್ನು ಕದಿಯುತ್ತಾನೆ. ತಮಿಳನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ಅನಂತರ ಶಾಲೆಯಲ್ಲಿ ಕನ್ನಡಕ್ಕೊಂದು ಪೀರಿಯಡ್ ಉಳಿಯಲೆಂದು ನಾವು ಕೂಗುತ್ತಿದ್ದೇವೆ. ನ್ಯಾಯವೇ. ಆದರೆ ಉಳಿದ ಪೀರಿಯಡ್ಡಿನಲ್ಲಿ ಪದ್ಯವನ್ನಷ್ಟೇ ಬಾಯಿಪಾಠ ಮಾಡಿಸಿದರೆ, ಮಗುವಿನ ಬುದ್ಧಿಗೆ ಆ ನುಡಿ ಒದಗುವುದೆಂದು?

ತಿರುಚಿರಾಪಳ್ಳಿಯಲ್ಲಿ ಹುಟ್ಟಿ ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ ಅವರು, ಶಿವಕಾಳಿ ಕುಮಾರ್ ಅವರೊಡಗೂಡಿ 1920ರಲ್ಲಿ ಪ್ರಕಟಿಸಿದ ಲೇಖನ ನಮ್ಮ ಮೃದಂಗದಂತಹ ವಾದ್ಯಗಳನ್ನು ಕುರಿತದ್ದು. ನಡುವಿನ ಕಪ್ಪು ಕರಣೆಯ ಭಾರದಿಂದ ಅದರ ಮೇಲ್ಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಿಗೆ ಹೊಂದಿಕೊಳ್ಳುತ್ತವೆಂದು ಅವರು ತೋರಿಸಿದರು. ನಮ್ಮೂರ ಭಜನಾಮಂದಿರದ ಮೃದಂಗದ ದನಿಯನ್ನು ಮಕ್ಕಳು ಮೊಬೈಲಿನಲ್ಲಿ ಹಿಡಿಯಲಿ. ಅದರ ರೋಹಿತವನ್ನು ತೆಗೆದು, ಬಳಸಿದ ಸಾಧನ, ಮಾದರಿಯ ದರ, ಕಂಡ ಅಂಕಿ, ಹೊಂದದ ಅಂಕಿ ಎಲ್ಲವನ್ನೂ ಕನ್ನಡದಲ್ಲಿ ಬರೆಯಲಿ.

ಸಂಘದ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆಯಿಷ್ಟೇ: ಮುಂದಿನ ಸಮ್ಮೇಳನದಲ್ಲಿ ಇಂತಹ ವರದಿಗಳಿಗೆ ಒಂದು ಗೋಷ್ಠಿಯನ್ನೂ ಒಂದು ಬಹುಮಾನವನ್ನೂ ಮೀಸಲಿಡಿ. ಬಹುಮಾನವು ಅಂದದ ಚೌಕವನ್ನೆಳೆದವನಿಗೆ ಬೇಡ. ಕೊಂಬನ್ನು ಕಂಡು, ಕಂಡಂತೆ ಬರೆದವನಿಗೆ ಸಲ್ಲಲಿ.