ಕಾರ್ಣಿಕದ ನುಡಿ, ವದಂತಿಯ ವೇಗ

ಭರತ ಹುಣ್ಣಿಮೆ ಜಾತ್ರೆಯಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟೂ ಜನಸಾಗರ ಮೌನವಾಗುತ್ತದೆ. ಅಲ್ಲಿ ನುಡಿದ ಒಂದು ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ಈಗ ಕ್ಷಣಾರ್ಧದಲ್ಲಿ ಮೊಬೈಲ್‌ಗಳನ್ನು ತಲುಪುತ್ತದೆ. ಮಳೆ, ಬೆಳೆ, ರಾಜಕೀಯವೆಂದು ಬಗೆಬಗೆಯ ಅರ್ಥಗಳೂ ಬೆನ್ನಿಗೇ ಬರುತ್ತವೆ. ಅದರಿಂದ ಯಾರಿಗೂ ಹಾನಿಯಿಲ್ಲ.

ವದಂತಿಯ ಮಾತು ಬೇರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ನಂಬಿದ ಗುಂಪು ಹೊಡೆದು ಕೊಂದಿತು. ಪಕ್ಕದೂರಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲ. ಅವರಿದ್ದ ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಮುಟ್ಟಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗಳಿಗೆ ಇಳಿಸಿತು. ಅಷ್ಟೇ ಸಾಲದು. ಠಾಣೆಯ ಪೊಲೀಸರು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದು, ಸುಳ್ಳು ಹಬ್ಬುವ ಹೊತ್ತಿಗೇ ಅದನ್ನು ಅಲ್ಲಗಳೆಯುವ ವ್ಯವಸ್ಥೆ ಪ್ರತಿ ತಾಲ್ಲೂಕಿಗೂ ಬೇಕು.