ಸಹಿಸಿಕೋ ಎನ್ನುವುದು ಯಾವ ಧರ್ಮ?



ನಾಸಿಕ, ಛತ್ರಪತಿ ಸಂಭಾಜಿನಗರಗಳ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಲ್ಲಿ ಕ್ರೈಸ್ತ ಸಂಸಾರಗಳೂ ಇವೆ. ಗಂಡ ಹೊಡೆದನೆಂದು ಹೆಂಗಸು ಬಾಯಿಬಿಟ್ಟರೆ, ಇಗರ್ಜಿಯಲ್ಲಾದ ಮದುವೆ, ಸಹಿಸಿಕೋ ಎಂಬ ಉಪದೇಶ. ಗೋಡೆಯಾಚೆಯ ನಾವೋ, ಅದು ಅವರ ಧರ್ಮದ ಮಾತೆಂದು ದೀಪ ಆರಿಸಿ ಮಲಗಿದ್ದೇವೆ. ತಪ್ಪು ನಮ್ಮದೂ ಹೌದು.

ಕಾನೂನೂ ಬಹುಕಾಲ ಹೊಡೆಯುವವನ ಕಡೆಗೇ ಇತ್ತು. 1869ರ ವಿಚ್ಛೇದನ ಕಾಯಿದೆಯಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕು. ಹೆಂಡತಿಗೆ ಏಟು ಸಾಲದು. ಏಟಿನ ಜತೆ ಗಂಡನ ವ್ಯಭಿಚಾರವನ್ನೂ ಸಾಬೀತುಮಾಡಬೇಕು! ಮೈಮೇಲಿನ ಬಾಸುಂಡೆಗೆ ಬೆಲೆಯಿಲ್ಲದ ಇದೆಂಥ ನ್ಯಾಯ? ಹೆಂಗಸರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1997ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ ಈ ತಾರತಮ್ಯವನ್ನು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಬಾಯಿಬಿಟ್ಟದ್ದಕ್ಕೆ ಬಂದ ಫಲವಿದು.

ಇನ್ನು 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಎಲ್ಲ ಮತದ ಹೆಂಗಸರಿಗೂ ಇದೆ. ಮದುವೆ ಮುರಿಯದೆಯೇ ರಕ್ಷಣೆಯ ಆಜ್ಞೆ, ಅದೇ ಮನೆಯಲ್ಲಿರುವ ಹಕ್ಕು, ಹಣದ ನೆರವು ಕೇಳಬಹುದು. ಹಿಂಸೆ ನಡೆದಿದೆಯೆಂದು ಬಲ್ಲ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬಾರದು. ನೆರೆಯವರಾದ ನಮಗೆ ಇನ್ನು ನೆಪವೆಲ್ಲಿ?

ಧರ್ಮ ಅಡ್ಡಬರುತ್ತದೆ ಎನ್ನುವಿರಾ? ಕೆಥೊಲಿಕರ 1983ರ ಧರ್ಮಸಂಹಿತೆಯೇ, ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಲು ಒಪ್ಪುತ್ತದೆ.

ಪಗಾರ ಮುರಿದರೆ ಧಣಿಯೆದುರು ನಿಲ್ಲುವ ನಾವು ಪಕ್ಕದ ಖೋಲಿಯ ಬಾಗಿಲು ತಟ್ಟಲು ಅಂಜಬೇಕೆ? ಅಕ್ಕತಂಗಿಯರೇ, ಬಾಯಿಬಿಡಿ. ಠಾಣೆಗಾಗಲಿ, ಕೋರ್ಟಿಗಾಗಲಿ, ಪಾದ್ರಿಗಳ ಬಳಿಗಾಗಲಿ, ನಾವು ಜತೆಗೆ ಬರುತ್ತೇವೆ.